ಲ್ಯಾವೆಂಡರ್ ಬೆಟ್ಟಗಳಲ್ಲಿ ಐದು ದಿನ ಸೈಕಲ್ ತುಳಿದದ್ದು

ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್ ಸೀಮೆಯಲ್ಲಿ ಲ್ಯಾವೆಂಡರ್ ಹೂವು ನೋಡೋಕೆ ಜೂನ್ ಕೊನೆ, ಇಲ್ಲಾಂದ್ರೆ ಜುಲೈ ಮೊದಲ ವಾರವೇ ಸರಿ ಅಂತ ಕೇಳಿದ್ದೆ. ನನಗೆ ರಜ ಸಿಕ್ಕಿದ್ದು ಜುಲೈ ಮೂರನೇ ವಾರ. ಮಗಳು ಫ್ರಾನ್ಸಿನ ಲಿಯೋಂನಲ್ಲಿ ಓದುತ್ತಿದ್ದಾಳೆ. "ಹೂವೆಲ್ಲಾ ಕೊಯ್ದು ಮುಗಿದಿರುತ್ತಲ್ವಾ ಪುಟ್ಟಿ?" ಅಂತ ಫೋನಿನಲ್ಲಿ ಕೇಳಿದೆ. "ಕೆಳಗೆ ಮುಗಿದಿದ್ರೆ ಮೇಲಕ್ಕೆ ಹೋಗೋಣ ಅಪ್ಪ. ಎತ್ತರದಲ್ಲಿ ತಡವಾಗಿ ಅರಳುತ್ತೆ" ಅಂದಳು. ನಮ್ಮ ದಾರಿ ಆ ಮಾತಿನಿಂದಲೇ ತೀರ್ಮಾನವಾಯಿತು.

ಫೋಟೋಗಳಲ್ಲಿ ಜಾಸ್ತಿ ಕಾಣುವುದು ವಲಾನ್ಸೋಲ್ ಎಂಬ ಬಯಲು. ಸಮುದ್ರಮಟ್ಟದಿಂದ 500-600 ಮೀಟರ್ ಎತ್ತರದಲ್ಲಿದೆ. ಜುಲೈ ಮಧ್ಯಕ್ಕೆ ಅಲ್ಲಿ ಕಟಾವು ಶುರುವಾಗಿಬಿಡುತ್ತದೆ. ನಾವು ಅದನ್ನು ಬಿಟ್ಟು ಸೋ ಎಂಬ ಊರನ್ನು ಆರಿಸಿಕೊಂಡೆವು. ಹೆಸರು ಬರೆಯುವುದು ಬೇರೆ ಥರ, ಕರೆಯುವುದು ಸುಮ್ನೆ 'ಸೋ'. ಎತ್ತರ ಸುಮಾರು 765 ಮೀಟರ್, ಅಂದರೆ ಹೆಚ್ಚುಕಡಿಮೆ ನಮ್ಮ ಮೈಸೂರಿನಷ್ಟೇ. ಅದರ ಸುತ್ತಲಿನ ಹೊಲಗಳು ಇನ್ನೂ ಮೇಲಕ್ಕೆ, ಸಾವಿರ ಮೀಟರಿಗೂ ಹೋಗುತ್ತವೆ. ಅಲ್ಲಿ ಕೊಯ್ಲು ಜುಲೈ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ. ಪ್ರತಿವರ್ಷ ಆಗಸ್ಟ್ 15ಕ್ಕೆ ಊರವರು ಲ್ಯಾವೆಂಡರ್ ಹಬ್ಬ ಮಾಡುತ್ತಾರೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಎಷ್ಟೋ ಜನ ಲ್ಯಾವೆಂಡರ್ ಅಂದರೆ ಲಾವಂಚ ಅಂದುಕೊಂಡಿದ್ದಾರೆ. ನನ್ನ ಅತ್ತೆಯವರೂ ಹಾಗೇ ಅಂದುಕೊಂಡಿದ್ದರು. ಎರಡಕ್ಕೂ ಸಂಬಂಧವಿಲ್ಲ. ಲಾವಂಚ ಹುಲ್ಲು, ಪರಿಮಳ ಇರುವುದು ಬೇರಿನಲ್ಲಿ. ಲ್ಯಾವೆಂಡರ್ ನಮ್ಮ ತುಳಸಿಯ ಕುಟುಂಬದ ಗಿಡ, ಎಣ್ಣೆ ಇರುವುದು ಹೂವಿನಲ್ಲಿ.

ಹೋಗುವ ಮೊದಲು ಮೂರು ತಿಂಗಳು ವಾರಕ್ಕೆ ಮೂರು ಬೆಳಗ್ಗೆ ಚಾಮುಂಡಿ ಬೆಟ್ಟ ಹತ್ತಿದೆ. ಆಷಾಢ ಬಂದ ಮೇಲೆ ಶುಕ್ರವಾರ ಮಾತ್ರ ಬಿಟ್ಟೆ, ಅವತ್ತು ದಾರಿ ತುಂಬ ಭಕ್ತರು. ಕೊನೆಯ ಒಂದು ತಿಂಗಳು ಕ್ಯಾರಿಯರಿನ ಎರಡೂ ಕಡೆ ಐದೈದು ಲೀಟರ್ ನೀರಿನ ಕ್ಯಾನ್ ಕಟ್ಟಿಕೊಂಡು ಹತ್ತಿದೆ. ಹೀಗೆ ಹೋಗಬೇಕೆಂದಿರುವ ಎಲ್ಲರಿಗೂ ಇದನ್ನೇ ಹೇಳುತ್ತೇನೆ. ಬರೀ ಸೈಕಲ್ ಹತ್ತಿಸುವುದೇ ಬೇರೆ, ಹೊರೆ ಇಟ್ಟುಕೊಂಡು ಹತ್ತಿಸುವುದೇ ಬೇರೆ. ಹೊರೆ ಇದ್ದಾಗ ಎದ್ದು ನಿಂತು ತುಳಿಯಲು ಆಗುವುದಿಲ್ಲ, ಸೈಕಲ್ ಹಿಂದಿನಿಂದ ತೂಗಾಡುತ್ತದೆ. ಕೂತೇ, ಚಿಕ್ಕ ಗೇರಿನಲ್ಲಿ, ಉಸಿರು ಕೆಡದ ಹಾಗೆ ತುಳಿಯುವುದನ್ನು ಕಾಲಿಗೆ ಕಲಿಸಬೇಕು. ಬಾಡಿಗೆಗೆ ಸೈಕಲ್ ತೆಗೆದುಕೊಳ್ಳುವಾಗ ಬಣ್ಣ, ಕಂಪನಿ ನೋಡಬೇಡಿ. ಚೈನ್ ಕೂರುವ ಹಲ್ಲುಚಕ್ರಗಳಲ್ಲಿ, ಮುಂದೆ ಪೆಡಲಿನ ಹತ್ತಿರದ ಚಿಕ್ಕದರ ಹಲ್ಲುಗಳಿಗಿಂತ ಹಿಂದಿನ ದೊಡ್ಡದರ ಹಲ್ಲುಗಳು ಜಾಸ್ತಿ ಇವೆಯಾ ಅಂತ ಎಣಿಸಿ. ನಮ್ಮದರಲ್ಲಿ ಮುಂದೆ 30, ಹಿಂದೆ 34 ಇತ್ತು. ಅದೇ ನಮ್ಮನ್ನು ಕಾಪಾಡಿತು.

ಲಿಯೋಂನಿಂದ ರೈಲಿನಲ್ಲಿ ಅವಿನ್ಯೋಂ. ಅಲ್ಲಿ ಸೈಕಲ್ ಬಾಡಿಗೆಗೆ ಹಿಡಿದು, ಇನ್ನೊಂದು ಪ್ರಾದೇಶಿಕ ರೈಲಿನಲ್ಲಿ ಸೈಕಲ್ ಸಮೇತ ಕವಾಯೋಂ. ಮೊದಲ ದಿನ ಕವಾಯೋಂನಿಂದ ಆಪ್ಟ್‌ವರೆಗೆ, ಮೂವತ್ತೈದು ಕಿ.ಮೀ. ಆಸುಪಾಸು. ಅದರಲ್ಲಿ ಬಹುಪಾಲು ಹಳೆಯ ರೈಲು ದಾರಿಯನ್ನೇ ಸೈಕಲ್ ದಾರಿ ಮಾಡಿದ್ದಾರೆ. ರೈಲು ಓಡುತ್ತಿದ್ದ ದಾರಿ ಅಂದಮೇಲೆ ಕಡಿದಾದ ಏರು ಎಲ್ಲೂ ಇಲ್ಲ. ಪೂರ್ವಕ್ಕೆ ಹೋಗುವ ಹಾಗೆ ದಾರಿ ಹಾಕಿದ್ದಕ್ಕೂ ಕಾರಣವಿದೆ. ಆ ಸೀಮೆಯಲ್ಲಿ ಮಿಸ್ತ್ರಾಲ್ ಎಂಬ ಗಾಳಿ ವಾಯವ್ಯದಿಂದ ಬೀಸುತ್ತದೆ. ಬೀಸಲು ಶುರುವಾದರೆ ದಿನಗಟ್ಟಲೆ ನಿಲ್ಲುವುದಿಲ್ಲ. ಎದುರಿಗೆ ಬಂದರೆ ಬಯಲೂ ಬೆಟ್ಟವಾಗುತ್ತದೆ. ಬೆನ್ನಿಗೆ ಬಂದರೆ ಯಾರೋ ದೂಡಿದ ಹಾಗಿರುತ್ತದೆ. ಅವತ್ತು ನಮ್ಮ ಬೆನ್ನಿಗಿತ್ತು.

ದಾರಿಯಲ್ಲಿ ಪಾಂ ಜ್ಯೂಲಿಯಾಂ ಎಂಬ ರೋಮನ್ ಸೇತುವೆ. ಕ್ರಿಸ್ತಪೂರ್ವ 3ರ ಸುಮಾರಿಗೆ ಕಟ್ಟಿದ್ದು, ಮೂರು ಕಮಾನು. 2005ರವರೆಗೂ ಅದರ ಮೇಲೆ ಕಾರುಗಳು ಓಡಾಡುತ್ತಿದ್ದವಂತೆ. ಈಗ ನಡೆಯುವವರಿಗೆ, ಸೈಕಲ್ಲಿನವರಿಗೆ ಮಾತ್ರ. ಎರಡು ಸಾವಿರ ವರ್ಷದ ಕಲ್ಲಿನ ಮೇಲೆ ಟಯರ್ ಉರುಳಿಸುವಾಗ ನಾನು ಬೇಕಂತಲೇ ನಿಧಾನ ಮಾಡಿದೆ. ಕೆಳಗೆ ಹೊಳೆ ಬತ್ತಿತ್ತು. ಸುತ್ತ ಮರಗಳಲ್ಲಿ ಜೀರುಂಡೆಗಳ ಸದ್ದು ಎಷ್ಟಿತ್ತೆಂದರೆ ಮಗಳು ಪಕ್ಕದಲ್ಲೇ ಬಂದು ಹೇಳಿದ್ದೂ ನನಗೆ ಕೇಳಲಿಲ್ಲ. ಈ ಜೀರುಂಡೆ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಎರಡನೇ ದಿನ ಆಪ್ಟ್‌ನಿಂದ ಸೋಗೆ. ಮೂವತ್ತು ಚಿಲ್ಲರೆ ಕಿ.ಮೀ. ಅಷ್ಟೇ. ಆದರೆ ಸಾಂ-ಸಾತ್ಯುರ್ನಾಂ ಎಂಬ ಊರು ದಾಟಿದ ಕೂಡಲೇ ರಸ್ತೆ ಮೇಲಕ್ಕೇರುತ್ತದೆ. ಎರಡೂ ಕಡೆ ಕುಳ್ಳ ಓಕ್ ಮರಗಳು, ಸುಣ್ಣದ ಕಲ್ಲು, ನೆರಳು ಕಮ್ಮಿ. ಆರೂವರೆಗೇ ಹೊರಟಿದ್ದೆವು. ಒಂಬತ್ತಕ್ಕೆ ಬಿಸಿಲು ಚುರುಗುಟ್ಟುತ್ತಿತ್ತು. ಈ ಸೀಮೆಯಲ್ಲಿ ಜುಲೈನಲ್ಲಿ ಮಧ್ಯಾಹ್ನ ತುಳಿಯಲೇಬಾರದು. ಬಿಸಿಲು ಒಂದು ಕಡೆ, ಅಂಗಡಿಗಳು ಹನ್ನೆರಡೂವರೆಗೆ ಬಾಗಿಲು ಹಾಕಿದರೆ ಮೂರಕ್ಕೋ ನಾಲ್ಕಕ್ಕೋ ತೆಗೆಯುವುದು ಇನ್ನೊಂದು ಕಡೆ. ಊರಿನ ಕಾರಂಜಿಗಳಲ್ಲಿ ನೀರು ಸಿಗುತ್ತದೆ, ಆದರೆ ಫಲಕ ಓದಿಕೊಳ್ಳಬೇಕು. 'ಓ ಪೊತಾಬ್ಲ್' ಅಂದರೆ ಕುಡಿಯಬಹುದು. ಅದರ ನಡುವೆ 'ನೋಂ' ಇದ್ದರೆ ತಲೆ ಮೇಲೆ ಸುರಿದುಕೊಳ್ಳೋಕೆ ಮಾತ್ರ.

ಅರ್ಧ ಏರಿನಲ್ಲಿ ನನ್ನ ಸೈಕಲ್ಲಿನ ಹಿಂದುಗಡೆ ಕಿರ್ ಕಿರ್ ಅಂತ ಶುರುವಾಯಿತು. ನಿಲ್ಲಿಸಿ ನೋಡಿದರೆ ಕ್ಯಾರಿಯರನ್ನು ಎಡಗಡೆ ಹಿಡಿದಿದ್ದ ಕೆಳಗಿನ ಬೋಲ್ಟ್ ಮಾಯ. ಕ್ಯಾರಿಯರ್ ವಾಲಿಕೊಂಡು ಬ್ಯಾಗು ಚಕ್ರಕ್ಕೆ ಉಜ್ಜುತ್ತಿತ್ತು. ಬಾಡಿಗೆಗೆ ಕೊಟ್ಟವರು ಬಿಗಿ ಮಾಡಿರಲಿಲ್ಲ, ನಾನೂ ಹೊರಡುವ ಮುಂಚೆ ಕೀಲಿ ಹಾಕಿ ನೋಡಿರಲಿಲ್ಲ. ಹಿಂದಕ್ಕೆ ಒಂದು ಕಿ.ಮೀ. ನಡೆದು ಹುಡುಕಿದೆ, ಸಿಗಲಿಲ್ಲ. ಆಮೇಲೆ ಹೊಳೆಯಿತು. ನೀರಿನ ಬಾಟಲಿ ಸ್ಟ್ಯಾಂಡನ್ನು ಹಿಡಿದಿರುವ ಬೋಲ್ಟೂ ಕ್ಯಾರಿಯರಿನ ಬೋಲ್ಟೂ ಸಾಮಾನ್ಯವಾಗಿ ಒಂದೇ ಅಳತೆ, 5 ಮಿ.ಮೀ. ಬಾಟಲಿ ಸ್ಟ್ಯಾಂಡಿಗೆ ಎರಡು ಬೋಲ್ಟ್ ಇರುತ್ತವೆ, ಒಂದರಲ್ಲೂ ನಿಲ್ಲುತ್ತದೆ. ಅಲೆನ್ ಕೀ ತೆಗೆದು ಮೇಲಿನದನ್ನು ಬಿಚ್ಚಿ ಹಿಂದಕ್ಕೆ ಹಾಕಿದೆ. ನಾಲ್ಕು ಸುತ್ತು ಹಿಡಿದು ಗಟ್ಟಿಯಾಗಿ ಕೂತಿತು. ಬಾಟಲಿ ಅಲ್ಲಾಡದ ಹಾಗೆ ಮಗಳು ತನ್ನ ಕೂದಲಿನ ರಬ್ಬರ್ ಬ್ಯಾಂಡ್ ಸುತ್ತಿದಳು. ಕೊನೆಯ ದಿನದವರೆಗೂ ಅದು ಹಾಗೇ ಓಡಿತು. ಅವತ್ತಿನಿಂದ ದಿನಾ ಬೆಳಗ್ಗೆ ಟಯರಿನ ಗಾಳಿ ನೋಡುವ ಮೊದಲು ಬೋಲ್ಟುಗಳನ್ನು ಮುಟ್ಟಿ ನೋಡುತ್ತಿದ್ದೆ.

ಅಲ್ಲಿ ಕೂತು ಬಾಳೆಹಣ್ಣು ತಿನ್ನುವಾಗ ಮಗಳು "ಅಪ್ಪ, ಕೇಳಿಸ್ಕೋ" ಅಂದಳು. ಏನೂ ಕೇಳಿಸಲಿಲ್ಲ. ಅದನ್ನೇ ಅವಳು ಹೇಳುತ್ತಿದ್ದದ್ದು. ಜೀರುಂಡೆ ಸದ್ದು ನಿಂತುಹೋಗಿತ್ತು. ನಾವು ಎತ್ತರಕ್ಕೆ ಬಂದಿದ್ದೆವು. ಇನ್ನೂ ಸ್ವಲ್ಪ ಮೇಲೆ ಮರಗಳು ಬಿಟ್ಟುಕೊಂಡು ಬಯಲು ಕಂಡಿತು, ಮೊದಲ ನೇರಳೆ ಸಾಲುಗಳು ಕಂಡವು. ಅಲ್ಲಿ ಸದ್ದು ಜೇನುಹುಳಗಳದ್ದು. ದೂರದಿಂದ ಕರೆಂಟಿನ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಟ್ಟಿದ ಹಾಗೆ ಕೇಳುತ್ತದೆ. ಹತ್ತಿರ ಹೋದರೆ ಇಡೀ ಹೊಲವೇ ಉಸಿರಾಡುತ್ತಿರುವ ಹಾಗಿರುತ್ತದೆ.

ಮೂರನೇ ದಿನ ಬ್ಯಾಗುಗಳನ್ನು ಸೋನಲ್ಲೇ ಬಿಟ್ಟು ಮೋಂ ವಾಂತೂ ಹತ್ತಿದೆವು. ಇದು 1,909 ಮೀಟರಿನ ಒಂಟಿ ಬೆಟ್ಟ, ತುದಿ ಬೋಳು. ಬಿಳಿ ಕಲ್ಲಿನ ಚೂರುಗಳು ಎಷ್ಟು ಹರಡಿಕೊಂಡಿವೆ ಎಂದರೆ ದೂರದಿಂದ ಹಿಮ ಅನ್ನಿಸುತ್ತದೆ. ಸೈಕಲ್ಲಿನಲ್ಲಿ ಹತ್ತಲು ಮೂರು ದಾರಿ: ಬೆದ್ವಾಂ, ಮಲೊಸೆನ್, ಸೋ. ಮೊದಲಿನ ಎರಡು ತಲಾ 21 ಕಿ.ಮೀ. ಆಸುಪಾಸು, ಎರಡೂ ಕಡಿದು. ಸೋ ಕಡೆಯದು 26 ಕಿ.ಮೀ., ಇರುವುದರಲ್ಲಿ ಸಲೀಸು. ನಾವು ಯಾವ ಮುಜುಗರವೂ ಇಲ್ಲದೆ ಸಲೀಸನ್ನೇ ಆರಿಸಿದೆವು. ನಮ್ಮ ವಯಸ್ಸಿನವರಿಗೂ ಅದನ್ನೇ ಹೇಳುತ್ತೇನೆ.

ಈ ದಾರಿಯ ಸೊಗಸು ಅಂದರೆ, ಊರಿನಿಂದ ಮೊದಲು ಕಣಿವೆಗಿಳಿದು ಲ್ಯಾವೆಂಡರ್ ಹೊಲಗಳ ನಡುವೆಯೇ ಏರು ಶುರುವಾಗುತ್ತದೆ. ಬೆಳಗ್ಗೆ ಆರಕ್ಕೆ ಅಲ್ಲಿದ್ದೆವು. ತಂಪು ಹೊತ್ತಿನಲ್ಲಿ ಪರಿಮಳ ಕಮ್ಮಿ, ಬಿಸಿಲೇರಿದ ಹಾಗೆ ಏಳುತ್ತದೆ. ಆಮೇಲೆ ಕಾಡು. ಮೊದಲ ಇಪ್ಪತ್ತು ಕಿ.ಮೀ. ಮೂರು ನಾಲ್ಕು ಪರ್ಸೆಂಟಿನ ಏರು, ಮಾತಾಡುತ್ತಾ ತುಳಿಯಬಹುದು. ಶಾಲೆ ರೆನಾರ್ ಎಂಬಲ್ಲಿ ಒಂದು ಹೋಟೆಲು. ಬೆದ್ವಾಂನಿಂದ ಬರುವ ರಸ್ತೆ ಅಲ್ಲೇ ಸೇರುತ್ತದೆ. ಅಲ್ಲಿಂದ ತುದಿಗೆ ಆರು ಕಿ.ಮೀ., ಸುಮಾರು 490 ಮೀಟರ್ ಏರು. ಒಂದೂ ಮರವಿಲ್ಲ. ಮಾತು ನಿಲ್ಲುವುದು ಅಲ್ಲಿ.

ಗಾಳಿ ಕೂಡ ಅಲ್ಲಿಂದಲೇ. 2016ರಲ್ಲಿ ಟೂರ್ ದ ಫ್ರಾನ್ಸ್ ಪಂದ್ಯ ಈ ಬೆಟ್ಟಕ್ಕೆ ಬಂದಾಗ, ತುದಿಯಲ್ಲಿ ಗಾಳಿ ವಿಪರೀತ ಅಂತ ಗೆಲುವಿನ ಗೆರೆಯನ್ನು ಶಾಲೆ ರೆನಾರ್‌ಗೇ ಇಳಿಸಿದ್ದರು. ಅಷ್ಟು ನುರಿತವರಿಗೇ ಹಾಗಾದರೆ ನಾವು ಹುಷಾರಾಗಿರಬೇಕು ಅಲ್ವಾ? ಹಿಂದಿನ ಸಂಜೆಯೇ ಗಾಳಿಯ ಮುನ್ಸೂಚನೆ ನೋಡಿದ್ದೆವು. ಜೋರಿದ್ದರೆ ಹೋಗುತ್ತಿರಲಿಲ್ಲ. ತುದಿಗೆ ಒಂದೂವರೆ ಕಿ.ಮೀ. ಇರುವಾಗ ಬಲಗಡೆ ಟಾಮ್ ಸಿಂಪ್ಸನ್ ಅವರ ಸ್ಮಾರಕವಿದೆ. ಈ ಇಂಗ್ಲಿಷ್ ಸೈಕಲ್ ಪಟು 1967ರ ಜುಲೈ 13ರಂದು ಟೂರ್ ಪಂದ್ಯದಲ್ಲೇ ಇಲ್ಲಿ ಕುಸಿದು ತೀರಿಕೊಂಡರು. ಉರಿಬಿಸಿಲು, ದಣಿವು, ಉತ್ತೇಜಕ ಮಾತ್ರೆ ಎಲ್ಲಾ ಸೇರಿದ್ದವು. ದಾರಿಹೋಕ ಸೈಕಲ್ಲಿನವರು ಅಲ್ಲಿ ನೀರಿನ ಬಾಟಲಿ, ಟೋಪಿ ಇಟ್ಟು ಹೋಗುತ್ತಾರೆ. ನಮ್ಮ ಹತ್ತಿರ ಇಡುವುದಕ್ಕೆ ಏನೂ ಇರಲಿಲ್ಲ. ಮಗಳು ಕೆಳಗಿನ ಹೊಲದ ಬದಿಯಲ್ಲಿ ಬಿದ್ದಿದ್ದ ಒಂದು ಕಡ್ಡಿ ಲ್ಯಾವೆಂಡರ್ ಜೇಬಿನಲ್ಲಿಟ್ಟುಕೊಂಡಿದ್ದಳು, ಅದನ್ನೇ ಇಟ್ಟಳು.

ತುದಿಯಲ್ಲಿ ಹತ್ತು ನಿಮಿಷಕ್ಕಿಂತ ಜಾಸ್ತಿ ನಿಲ್ಲಲಾಗಲಿಲ್ಲ. ಬೆವರಿದ ಮೈಗೆ ಚಳಿ ಹಿಡಿಯಿತು. ಗಾಳಿ ತಡೆಯುವ ತೆಳು ಜಾಕೆಟ್ ಜುಲೈನಲ್ಲೂ ಬೇಕೇ ಬೇಕು, ಇಳಿಯುವಾಗ ಇನ್ನೂ ಬೇಕು. 1336ರಲ್ಲಿ ಇಟಲಿಯ ಕವಿ ಪೆಟ್ರಾರ್ಕ್ ತನ್ನ ತಮ್ಮನ ಜೊತೆ ಈ ಬೆಟ್ಟ ಹತ್ತಿದ್ದನ್ನು ಬರೆದಿದ್ದಾನೆ. ತಮ್ಮ ನೇರ ದಾರಿ ಹಿಡಿದನಂತೆ, ಕವಿ ಸುಲಭದ ದಾರಿ ಹುಡುಕುತ್ತಾ ಸುತ್ತಿದನಂತೆ. ಇಳಿದು ಬಂದು ಊಟಕ್ಕೆ ಕೂತಾಗ ಮಗಳು ಈ ಕಥೆ ಹೇಳಿದಳು. ಊಟ ಅಂದರೆ ಬ್ರೆಡ್ಡು, ಟೊಮೆಟೊ, ಅದರ ಮೇಲೆ ಮನೆಯಿಂದ ಕಟ್ಟಿಕೊಟ್ಟ ಚಟ್ನಿಪುಡಿ. ರಾತ್ರಿಗೆ ಅಲ್ಲಿನ ಪುಟ್ಟ ಗೋಧಿಯ ಅನ್ನದಂಥ ಅಡುಗೆ ಸಿಕ್ಕಿತು. ನಮ್ಮ ಉತ್ತರ ಕರ್ನಾಟಕದ ಜವೆಗೋಧಿಗೆ ಹತ್ತಿರದ ನೆಂಟ ಅದು. ಲ್ಯಾವೆಂಡರ್ ಕಿತ್ತ ನೆಲದಲ್ಲಿ ಸರದಿಯ ಮೇಲೆ ಬೆಳೆಯುತ್ತಾರೆ. ಸಸ್ಯಾಹಾರಿಗಳಿಗೆ ಅದು ದೊಡ್ಡ ಆಸರೆ.

ನಾಲ್ಕನೇ ದಿನ ಅಲ್ಬಿಯೋಂ ಎಂಬ ಮೇಲ್ಬಯಲಿನ ಸುತ್ತು: ಸೋ, ಸಾಂ-ಕ್ರಿಸ್ತೋಲ್, ಸಿಮಿಯಾನ್, ಮತ್ತೆ ಸೋ. ನನಗೆ ಐದು ದಿನದಲ್ಲಿ ಅತಿ ಇಷ್ಟವಾದದ್ದು ಇದೇ. ಜನ ಕಮ್ಮಿ. ದಿಣ್ಣೆ, ತಗ್ಗು, ಮತ್ತೆ ದಿಣ್ಣೆ. ಹಿಂದಿನಿಂದ ಬರುವ ಕಾರಿನವರು ತಿರುವು ಮುಗಿಯುವವರೆಗೂ ಕಾಯುತ್ತಾರೆ. ಊರಾಚೆ ಸೈಕಲ್ ದಾಟುವಾಗ ಒಂದೂವರೆ ಮೀಟರ್ ಜಾಗ ಬಿಡಬೇಕೆಂದು ಅಲ್ಲಿ ಕಾನೂನಿದೆ, ಬಿಡುತ್ತಾರೆ. ನಮ್ಮ ರಸ್ತೆಗಳಲ್ಲಿ ಮೂವತ್ತು ವರ್ಷ ತುಳಿದವನಿಗೆ ಅದು ಎಷ್ಟು ನೆಮ್ಮದಿ ಕೊಡುತ್ತದೆ ಅಂತ ಹೇಳಿ ಮುಗಿಸಲಾರೆ. ಇದೇ ಬಯಲಿನ ಅಡಿಯಲ್ಲಿ 1971ರಿಂದ 1996ರವರೆಗೆ ಫ್ರಾನ್ಸಿನ 18 ಅಣ್ವಸ್ತ್ರ ಕ್ಷಿಪಣಿಗಳು ಹುದುಗಿದ್ದವು. ಈಗ ತೆಗೆದಿದ್ದಾರೆ. ಬೇಲಿ ಹಾಕಿದ ಕಾಂಕ್ರೀಟ್ ಜಾಗವೊಂದರ ಪಕ್ಕದಲ್ಲೇ ನೇರಳೆ ಸಾಲುಗಳು ನಿಂತಿದ್ದವು. ಮಗಳು ತುಂಬಾ ಹೊತ್ತು ನೋಡಿದಳು, ಏನೂ ಹೇಳಲಿಲ್ಲ.

ಸಾಂ-ಕ್ರಿಸ್ತೋಲ್ ದಾಟಿದ ಮೇಲೆ ಒಂದು ಹೊಲದ ಬದಿಯಲ್ಲಿ ನೀರು ಕುಡಿಯಲು ನಿಂತೆವು. ಹೊಲದೊಡತಿ ಟ್ರ್ಯಾಕ್ಟರ್ ಹತ್ತಿರ ನಿಂತಿದ್ದರು. ಅರವತ್ತು ದಾಟಿದವರು. ಮಗಳು ಫ್ರೆಂಚಿನಲ್ಲಿ ಮಾತಾಡಿಸಿದಳು. ಅವರು ರಸ್ತೆಯ ಈಚೆಯಿಂದ ಒಂದು ಕಡ್ಡಿ, ಆಚೆಯಿಂದ ಒಂದು ಕಡ್ಡಿ ಕಿತ್ತು ನನ್ನ ಎರಡು ಕೈಗೂ ಕೊಟ್ಟರು. ಮೂಸಿ ನೋಡಿ ಅಂದರು.

ಎಡಗೈಯದು ಉದ್ದ. ತುದಿಯಲ್ಲಿ ದಪ್ಪ ತೆನೆ, ಸ್ವಲ್ಪ ಕೆಳಗೆ ಅಕ್ಕಪಕ್ಕ ಎರಡು ಮರಿ ತೆನೆ. ಬೆರಳಲ್ಲಿ ಉಜ್ಜಿ ಮೂಸಿದೆ. ಮೊದಲು ಬಂದದ್ದು ಕರ್ಪೂರ! ಸಾಕ್ಷಾತ್ ಮಂಗಳಾರತಿ ತಟ್ಟೆ. ಬಲಗೈಯದು ಗಿಡ್ಡ, ಒಂದು ಕಡ್ಡಿಗೆ ಒಂದೇ ತೆನೆ, ಹೂವು ಸಣ್ಣದು. ಅದರಲ್ಲಿ ಕರ್ಪೂರದ ಖಾರವಿಲ್ಲ. ಮೆತ್ತಗೆ, ಸಿಹಿಯಾಗಿ, ಒಗೆದು ಒಣಗಿಸಿದ ಬಟ್ಟೆಯ ಹಾಗೆ. ಎಡಗೈಯದು ಲಾವಂದಿನ್, ಬಲಗೈಯದು ಅಸಲಿ ಲ್ಯಾವೆಂಡರ್ ಅಂತ ಮಗಳು ತಿಳಿಸಿದಳು.

ಅಸಲಿ ಗಿಡ ಎತ್ತರದ್ದು. ಬೆಟ್ಟದ ಕೆಳಗೆ ಇನ್ನೊಂದು ಅಗಲ ಎಲೆಯ ಕಾಡು ಜಾತಿ ಬೆಳೆಯುತ್ತದೆ. ಎರಡೂ ಸೇರುವ ನಡು ಎತ್ತರದಲ್ಲಿ ಜೇನುಹುಳ ಮಾಡಿದ ಬೆರಕೆಯೇ ಲಾವಂದಿನ್. ಅದಕ್ಕೆ ಬೀಜ ಕಟ್ಟುವುದಿಲ್ಲ, ಕಡ್ಡಿ ನೆಟ್ಟೇ ಬೆಳೆಸಬೇಕು. ಹಾಗಾಗಿ ಎಲ್ಲಾ ಗಿಡವೂ ಅಚ್ಚು ಹಾಕಿದ ಹಾಗೆ ಒಂದೇ ಗಾತ್ರ, ಒಂದೇ ಬಣ್ಣ. ಫೋಟೋಗಳಲ್ಲಿ ನಾವು ಮೆಚ್ಚುವ ಗುಂಡು ಸಾಲುಗಳು ಬಹುಪಾಲು ಇವೇ. ನಲವತ್ತು ಕಿಲೋ ಆಸುಪಾಸು ಹೂವಿಗೆ ಒಂದು ಕಿಲೋ ಎಣ್ಣೆ ಬರುತ್ತದೆ, ಸೋಪಿಗೆ ಹೋಗುತ್ತದೆ. ಅಸಲಿಯಲ್ಲಿ ಒಂದು ಕಿಲೋ ಎಣ್ಣೆಗೆ ನೂರು ಕಿಲೋಗಿಂತ ಜಾಸ್ತಿ ಹೂವು ಬೇಕು. ಬೀಜದಿಂದ ಬೆಳೆಸಿದರೆ ಒಂದೊಂದು ಗಿಡದ್ದು ಒಂದೊಂದು ನೇರಳೆ. 800 ಮೀಟರಿಗಿಂತ ಮೇಲೆ ಬೆಳೆದ ಅಸಲಿ ಹೂವಿನ ಎಣ್ಣೆಗೆ 1981ರಿಂದ ಸರ್ಕಾರದ ಪ್ರತ್ಯೇಕ ಗುರುತಿದೆ, ನಮ್ಮ ಮೈಸೂರು ಮಲ್ಲಿಗೆಗೆ ಜಿಐ ಇರುವ ಹಾಗೆ.

ಆಕೆ ಹೊಲದ ನಡುವೆ ಕಂದು ಬಣ್ಣಕ್ಕೆ ತಿರುಗಿದ ಗಿಡಗಳನ್ನೂ ತೋರಿಸಿದರು. ಒಂದು ಸಣ್ಣ ಜಿಗಿಹುಳು ರಸ ಹೀರುವಾಗ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯನ್ನು ದಾಟಿಸುತ್ತದೆ, ಗಿಡ ಒಣಗುತ್ತದೆ. ಮದ್ದಿಲ್ಲ. ನನ್ನ ಹೆಂಡತಿಯ ತವರು ಶೃಂಗೇರಿ ಕಡೆ. ಅಲ್ಲಿ ಅಡಿಕೆಗೆ ಬಂದ ಹಳದಿ ಎಲೆ ರೋಗಕ್ಕೂ ಇದೇ ಜಾತಿಯ ಜೀವಿ ಕಾರಣ, ಹರಡುವುದೂ ಇಂಥದ್ದೇ ಹುಳದಿಂದ. ಮಾವನವರ ತೋಟ ಹೇಗೆ ಬರಿದಾಯಿತು ಅಂತ ನಾನು ಕನ್ನಡದಲ್ಲಿ ಹೇಳಿದೆ, ಮಗಳು ಫ್ರೆಂಚಿನಲ್ಲಿ ಹೇಳಿದಳು. ಆಕೆ ಪೂರ್ತಿ ಕೇಳಿ, ನನ್ನ ತೋಳನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟರು. ಆ ಎರಡು ಕಡ್ಡಿ ಈಗಲೂ ನನ್ನ ಹತ್ತಿರ ಇವೆ.

ಸಿಮಿಯಾನ್ ಕಡೆ ಇಳಿದಾಗ ಕೊಯ್ಲು ನಡೆದಿತ್ತು. ಇಳಿದಿದ್ದೇವೆ ಅಂತ ಮೂಗಿಗೆ ಮೊದಲು ತಿಳಿಯಿತು, ಮತ್ತೆ ಕರ್ಪೂರ. ದಾರಿಯಲ್ಲೊಂದು ಬಟ್ಟಿಮನೆ, ನೋಡುತ್ತೇವೆಂದಾಗ ಬಿಟ್ಟರು. ಲಾರಿಯಷ್ಟು ದೊಡ್ಡ ಪೆಟ್ಟಿಗೆಯಲ್ಲಿ ಕೊಚ್ಚಿದ ಹೂವು ತುಂಬಿ, ಅಡಿಯಿಂದ ಹಬೆ ಬಿಡುತ್ತಾರೆ. ಹಬೆ ಎಣ್ಣೆಯನ್ನು ಹೊತ್ತು ಮೇಲಕ್ಕೇರಿ, ತಣ್ಣೀರಿನಲ್ಲಿ ಮುಳುಗಿಸಿದ ಕೊಳವೆ ಸುರುಳಿಯಲ್ಲಿ ನೀರಾಗುತ್ತದೆ. ಕೊನೆಯಲ್ಲಿ ಒಂದು ಸ್ಟೀಲ್ ಪಾತ್ರೆ. ಅದರ ಮೇಲೆ ಬೆರಳುದ್ದ ಗಾಜಿನ ಕಿಂಡಿ. ನೀರು ಕೆಳಗೆ, ಅದರ ಮೇಲೆ ತೆಳು ಹಳದಿ ಎಣ್ಣೆ, ನಡುವೆ ಚಾಕುವಿನಲ್ಲಿ ಕೊಯ್ದ ಹಾಗೆ ಗೆರೆ. ಸಣ್ಣ ಸಣ್ಣ ಹನಿಗಳು ಕೆಳಗಿನಿಂದ ಅಲುಗಾಡುತ್ತಾ ಎದ್ದು ಆ ಗೆರೆಗೆ ತಾಗಿ, ಒಂದು ಕ್ಷಣ ನಿಂತು, ಆಮೇಲೆ ಎಣ್ಣೆಯೊಳಗೆ ಸೇರಿಹೋಗುತ್ತಿದ್ದವು. ಸೆಕೆಯಲ್ಲಿ ಕಾಲು ಗಂಟೆ ನಿಂತು ನೋಡಿದೆ. ಆಮೇಲೆ ವಾಪಸ್ ಸೋಗೆ ಹತ್ತುವಾಗ ಕಾಲು ನೋಯುತ್ತಿತ್ತು, ನಿಜ. ಆದರೆ ಯಾವ ತಿರುವಿನಲ್ಲಿ ವಾಸನೆ ಬದಲಾಗುತ್ತದೆ ಅಂತ ಕಾಯುತ್ತಾ ಹತ್ತಿದ್ದರಿಂದ ದೂರ ತಿಳಿಯಲಿಲ್ಲ. ಕಾರಿನಲ್ಲಿ ಗಾಜು ಏರಿಸಿಕೊಂಡು ಹೋದವರಿಗೆ ಇದು ಸಿಗುವುದಿಲ್ಲ.

ಐದನೇ ದಿನ ನೆಸ್ಕ್ ಕಮರಿಯ ದಾರಿ. ಮೊನ್ಯೂ ದಾಟಿ ಸ್ವಲ್ಪ ಏರಿದರೆ 734 ಮೀಟರಿನಲ್ಲಿ ನೋಟದ ಕಟ್ಟೆ. ಎದುರಿಗೆ ರೋಷೆ ದ್ಯು ಸೀರ್ ಎಂಬ ದೊಡ್ಡ ಬಂಡೆ, ಅಂದರೆ ಜೇನುಮೇಣದ ಬಂಡೆ. ಅಲ್ಲಿಂದ ಬೆಟ್ಟದ ಸೊಂಟಕ್ಕೆ ಕೊರೆದ ರಸ್ತೆಯಲ್ಲಿ, ಸಣ್ಣ ಸುರಂಗಗಳನ್ನು ದಾಟುತ್ತಾ ಇಪ್ಪತ್ತು ಕಿ.ಮೀ. ಇಳಿಜಾರು. ಸುರಂಗಕ್ಕೆ ನುಗ್ಗುವ ಮೊದಲು ಕಪ್ಪು ಕನ್ನಡಕ ತೆಗೆಯಿರಿ, ಹಿಂದಿನ ದೀಪ ಹಾಕಿಕೊಳ್ಳಿ. ಬ್ರೇಕನ್ನು ಹಿಡಿದೇ ಇರಬೇಡಿ, ತಿರುವಿಗೆ ಮುಂಚೆ ಹಿಡಿದು ಬಿಡಿ.

ಮಗಳು ಮುಂದಿದ್ದಳು. ಅರ್ಧ ಇಳಿದ ಮೇಲೆ ಒಂದು ತಿರುವಿನಲ್ಲಿ ಬಿಸಿಗಾಳಿ ಮುಖಕ್ಕೆ ಬಡಿಯಿತು. ಅದರ ಹಿಂದೆಯೇ ಜೀರುಂಡೆ. ಮೊದಲು ಒಂದು, ಮುಂದಿನ ತಿರುವಿಗೆ ಇಡೀ ಕಣಿವೆ. ಮಗಳು ತಿರುಗದೆ ಎಡಗೈ ಎತ್ತಿ ಕಿವಿಯ ಹತ್ತಿರ ಹಿಡಿದು ತೋರಿಸಿದಳು. ನಾನು ಗಂಟೆ ಬಾರಿಸಿದೆ. ಹಾಗೇ ಇಳಿದು ವಿಲ್-ಸ್ಯುರ್-ಓಜೋಂನಲ್ಲಿ ನೀರು ತುಂಬಿಸಿಕೊಂಡು, ದ್ರಾಕ್ಷಿ ತೋಟಗಳ ನಡುವೆ ಕಾರ್ಪಾಂತ್ರಾ ಸೇರಿ, ಅವಿನ್ಯೋಂಗೆ ಹೋಗುವ ಮಧ್ಯಾಹ್ನದ ರೈಲು ಹತ್ತಿದೆವು.